ಹಾರ್ಟ್ ಅಟ್ಯಾಕ್ ಆದ ಮೇಲೆ ರಿಪೋರ್ಟಿನಲ್ಲಿ ‘ಉರಿಯೂತ’: ಓದುಗರು ಕೇಳಿದ್ದು, ಡಾಕ್ಟರು ಹೇಳಿದ್ದು

2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಟಿವಿಯಲ್ಲಿ ಬಂದ ಮೇಲೆ ಹೃದಯದ ಪ್ರಶ್ನೆಗಳು ಜಾಸ್ತಿಯಾಗಿವೆ. ಅದರಲ್ಲೂ ಈ ಸಲ ಬಂದವುಗಳಲ್ಲಿ ಸುಮಾರು ಜನ ಸ್ಕ್ಯಾನ್ ರಿಪೋರ್ಟನ್ನು ಫೋಟೋ ತೆಗೆದು ಕಳಿಸಿ ‘ಇದೇನು ಸ್ವಲ್ಪ ನೋಡಿ’ ಎಂದಿದ್ದಾರೆ. ಹೃದಯದ ಸ್ಕ್ಯಾನ್ ಓದುವುದೇ ನನ್ನ ಕೆಲಸ, ಆದರೂ ಮೊಬೈಲ್ ಫೋಟೋ ನೋಡಿ ಹೇಳುವುದು ಕಷ್ಟ. ಹಾಗಾಗಿ ಎಲ್ಲರಿಗೂ ಉಪಯೋಗ ಆಗುವಂಥ ಪ್ರಶ್ನೆಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 61 ವರ್ಷ. ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಐದನೇ ದಿನ ಹೃದಯದ ಎಮ್‌ಆರ್‌ಐ ಮಾಡಿದ್ದಾರೆ. ಎಡೀಮಾ ಇದೆ, ಇನ್‌ಫ್ಲಮೇಶನ್ ಇದೆ, ಗೋಡೆಯ ದಪ್ಪದಲ್ಲಿ ಶೇ. 40ರಷ್ಟು ಎನ್‌ಹ್ಯಾನ್ಸ್‌ಮೆಂಟ್ ಇದೆ ಅಂತ ಬರೆದಿದೆ. ಹೃದಯಕ್ಕೆ ಇನ್‌ಫೆಕ್ಷನ್ ಆಗಿದೆಯಾ? ಹಾಗಿದ್ದರೆ ಆಂಟಿಬಯೋಟಿಕ್ ಯಾಕೆ ಕೊಟ್ಟಿಲ್ಲ?
(ತಿಪಟೂರಿನ ಓದುಗರು)

ಉತ್ತರ: ಇನ್‌ಫ್ಲಮೇಶನ್ ಅಂದರೆ ಉರಿಯೂತ, ಇನ್‌ಫೆಕ್ಷನ್ ಅಲ್ಲ. ಆಂಟಿಬಯೋಟಿಕ್ ಕೊಡದೆ ಇದ್ದದ್ದು ಸರಿಯಾಗಿದೆ.

ಹೃದಯದ ರಕ್ತನಾಳ ಪೂರ್ತಿ ಮುಚ್ಚಿಕೊಂಡು ಅರ್ಧ ಗಂಟೆ ಆಗುವಷ್ಟರಲ್ಲಿ ಅದು ನೋಡಿಕೊಳ್ಳುತ್ತಿದ್ದ ಮಾಂಸ ಸಾಯಲು ಶುರುವಾಗುತ್ತದೆ. ಮೊದಲು ಒಳಪದರ, ಹೊತ್ತು ಹೋದಂತೆ ಹೊರಪದರ. ಸತ್ತ ಮಾಂಸವನ್ನು ಹಾಗೇ ಬಿಟ್ಟರೆ ಗೋಡೆ ನಿಲ್ಲುವುದಿಲ್ಲ, ಅದನ್ನು ತೆಗೆದು ಅಲ್ಲಿ ಗಟ್ಟಿ ಕಲೆ ಕೂರಿಸಬೇಕು. ಈ ಕೆಲಸಕ್ಕೆ ದೇಹ ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ಮೊದಲ ದಿನ ನ್ಯೂಟ್ರೋಫಿಲ್‌ಗಳು ಬರುತ್ತವೆ, ಅವುಗಳ ಹಿಂದೆಯೇ ಮಾನೋಸೈಟ್‌ಗಳು. ಇವು ಮ್ಯಾಕ್ರೋಫೇಜ್ ಆಗಿ ಬದಲಾಗಿ ಸತ್ತದ್ದನ್ನೆಲ್ಲ ನುಂಗುತ್ತವೆ. ನಾಲ್ಕೈದು ದಿನ ಕಳೆದ ಮೇಲೆ ಇವುಗಳ ಸ್ವಭಾವವೇ ಬದಲಾಗುತ್ತದೆ, ಒಡೆಯುವುದನ್ನು ಬಿಟ್ಟು ಕಟ್ಟುವುದಕ್ಕೆ ತೊಡಗುತ್ತವೆ. ಆರರಿಂದ ಎಂಟು ವಾರದಲ್ಲಿ ಕಲೆ ಗಟ್ಟಿಯಾಗುತ್ತದೆ. ಕಾಲಿಗೆ ಗಾಯ ಆದಾಗ ಸುತ್ತ ಕೆಂಪಾಗಿ, ಊದಿ, ಆಮೇಲೆ ಹಕ್ಕಳೆ ಕಟ್ಟುತ್ತದಲ್ವಾ, ಅದೇ ಇದು. ಅಲ್ಲಿ ಕಣ್ಣಿಗೆ ಕಾಣುತ್ತದೆ, ಇಲ್ಲಿ ಕಾಣಬೇಕಾದರೆ ಮಿಷನ್ ಬೇಕು, ಅಷ್ಟೇ ವ್ಯತ್ಯಾಸ.

ಇದರಲ್ಲಿ ನನಗೆ ಈಗಲೂ ಸೋಜಿಗ ಅನಿಸುವ ವಿಷಯ ಒಂದಿದೆ. ಈ ಮಾನೋಸೈಟ್‌ಗಳೆಲ್ಲ ಮೂಳೆ ಮಜ್ಜೆಯಿಂದಲೇ ಬರುತ್ತವೆ ಅಂತ ಮೊದಲು ತಿಳಿದಿದ್ದರು. 2009ರಲ್ಲಿ ಬಾಸ್ಟನ್ನಿನ ವಿಜ್ಞಾನಿಗಳು ಇಲಿಗಳಲ್ಲಿ ನೋಡಿದಾಗ ಗುಲ್ಮದಲ್ಲಿ (ಸ್ಪ್ಲೀನ್) ಅವುಗಳ ದೊಡ್ಡ ದಾಸ್ತಾನೇ ಇರುವುದು ಗೊತ್ತಾಯಿತು. ಹೃದಯಕ್ಕೆ ಪೆಟ್ಟು ಬಿದ್ದ ಕೂಡಲೇ ಅಲ್ಲಿಂದ ಹೊರಟುಬಿಡುತ್ತವೆ. ಅಟ್ಯಾಕ್ ಅಂದರೆ ಎದೆಯೊಳಗಿನ ಸಂಗತಿ ಅಂದುಕೊಳ್ಳುತ್ತೇವೆ, ಇಡೀ ಮೈಯೇ ಅದರಲ್ಲಿ ಸೇರಿಕೊಂಡಿರುತ್ತದೆ.

ಈಗ ರಿಪೋರ್ಟಿಗೆ ಬನ್ನಿ. ಎಡೀಮಾ ಅಂದರೆ ನೀರು ತುಂಬಿ ಊದಿಕೊಂಡಿರುವುದು. ಎಮ್‌ಆರ್‌ಐನಲ್ಲಿ ಟಿ2 ಅನ್ನುವ ಬಗೆಯ ಚಿತ್ರದಲ್ಲಿ ನೀರಿರುವ ಜಾಗ ಬೆಳ್ಳಗೆ ಕಾಣುತ್ತದೆ. ಈ ಊತ ಸತ್ತ ಭಾಗಕ್ಕಿಂತ ದೊಡ್ಡದಾಗಿರುವುದು ಮಾಮೂಲು, ಯಾಕೆಂದರೆ ಸಾಯುವ ಅಪಾಯದಲ್ಲಿದ್ದು ಸ್ಟೆಂಟ್‌ನಿಂದ ಉಳಿದುಕೊಂಡ ಮಾಂಸವೂ ಊದಿರುತ್ತದೆ. ಹಾಗಾಗಿ ಊತ ದೊಡ್ಡದಿದ್ದು ಕಲೆ ಚಿಕ್ಕದಿದ್ದರೆ ಅದು ಒಳ್ಳೆಯ ಸುದ್ದಿ. ನಿಮ್ಮ ತಂದೆಯ ರಿಪೋರ್ಟಿನ ಎರಡು ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಲು ನಿಮ್ಮ ಕಾರ್ಡಿಯಾಲಜಿಸ್ಟ್‌ಗೆ ಹೇಳಿ.

ಎನ್‌ಹ್ಯಾನ್ಸ್‌ಮೆಂಟ್ ಬೇರೆ ವಿಷಯ. ಕೈಯ ನರಕ್ಕೆ ಗ್ಯಾಡೋಲಿನಿಯಮ್ ಅನ್ನುವ ಔಷಧಿ ಕೊಟ್ಟು ಹತ್ತು ನಿಮಿಷ ಬಿಟ್ಟು ಚಿತ್ರ ತೆಗೆಯುತ್ತಾರೆ. ಚೆನ್ನಾಗಿರುವ ಕಣದೊಳಗೆ ಅದು ನುಗ್ಗುವುದಿಲ್ಲ, ಬಂದ ಹಾಗೆ ತೊಳೆದುಹೋಗುತ್ತದೆ. ಪೊರೆ ಒಡೆದ ಕಣಗಳ ಜಾಗದಲ್ಲಿ, ಕಲೆಯಾದ ಜಾಗದಲ್ಲಿ ಉಳಿದುಕೊಂಡು ಬೆಳ್ಳಗೆ ಹೊಳೆಯುತ್ತದೆ. ಈ ಬಿಳಿ ಭಾಗ ಗೋಡೆಯ ಅರ್ಧ ದಪ್ಪಕ್ಕಿಂತ ಕಡಿಮೆ ಇದ್ದರೆ ಆ ಭಾಗ ಮತ್ತೆ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿದೆ. ರಕ್ತದ ಹರಿವು ಸರಿ ಮಾಡಿದ ಮೇಲೆ ಯಾವ ಗೋಡೆ ಅಲುಗಾಡುತ್ತದೆ, ಯಾವುದು ಇಲ್ಲ ಅಂತ ಶಿಕಾಗೋದ ನಾರ್ತ್‌ವೆಸ್ಟರ್ನ್‌ನ ತಂಡ 2000ದಲ್ಲೇ ಹೀಗೆ ಅಳೆದು ತೋರಿಸಿತ್ತು. ನಿಮ್ಮ ತಂದೆಯದು ಶೇ. 40. ಅದೂ ಐದನೇ ದಿನದ್ದು. ಮೊದಲ ವಾರದಲ್ಲಿ ಊತ ಸೇರಿಕೊಂಡು ಬಿಳಿ ಭಾಗ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಕೆಲವು ತಿಂಗಳ ನಂತರ ತೆಗೆದರೆ ಕುಗ್ಗಿರುತ್ತದೆ.

ಬಿಳಿ ಭಾಗದ ನಡುವೆ ಕಪ್ಪು ಮಚ್ಚೆ ಇದೆ, ‘ಮೈಕ್ರೋವ್ಯಾಸ್ಕುಲರ್ ಅಬ್‌ಸ್ಟ್ರಕ್ಷನ್’ ಅಂತ ಬರೆದಿದ್ದರೆ ಮಾತ್ರ ಸ್ವಲ್ಪ ಗಮನ ಕೊಡಬೇಕು. ದೊಡ್ಡ ನಾಳ ತೆರೆದಿದ್ದರೂ ಕೂದಲಿನಂಥ ನಾಳಗಳಲ್ಲಿ ರಕ್ತ ಹೋಗುತ್ತಿಲ್ಲ ಅಂತ ಅದರ ಅರ್ಥ. ಅಂಥವರನ್ನು ನಾವು ಬಿಗಿಯಾಗಿ ಫಾಲೋ ಅಪ್ ಮಾಡುತ್ತೇವೆ.

ಪ್ರಶ್ನೆ: ನಮ್ಮ ಮನೆಯವರಿಗೆ ಅಟ್ಯಾಕ್ ಆಗಿ ಎಕೋ ಮಾತ್ರ ಮಾಡಿದ್ದಾರೆ. ಪಕ್ಕದ ಬೆಡ್‌ನವರಿಗೆ ಎಮ್‌ಆರ್‌ಐ ಮಾಡಿದರು. ನಮಗೆ ಯಾಕಿಲ್ಲ? ನಾವೇ ಬೇರೆ ಕಡೆ ಹೋಗಿ ಮಾಡಿಸಬೇಕಾ?
(ಹುಬ್ಬಳ್ಳಿಯ ಓದುಗರು)

ಉತ್ತರ: ಬೇಡ. ಸುಮ್ನೆ ದುಡ್ಡು ಹಾಳು.

ಹೃದಯ ಎಷ್ಟು ಪಂಪ್ ಮಾಡುತ್ತಿದೆ, ಯಾವ ಗೋಡೆ ಮಂಕಾಗಿದೆ, ವಾಲ್ವ್ ಸೋರುತ್ತಿದೆಯಾ, ಸುತ್ತ ನೀರು ತುಂಬಿದೆಯಾ, ಇದೆಲ್ಲ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಗೊತ್ತಾಗುತ್ತದೆ. ಉರಿಯೂತ ಎಕೋದಲ್ಲಿ ನೇರವಾಗಿ ಕಾಣುವುದಿಲ್ಲ, ನಿಜ. ಆದರೆ ಉರಿಯೂತ ಇದ್ದೇ ಇರುತ್ತದೆ ಅಂತ ನಮಗೆ ಮೊದಲೇ ಗೊತ್ತಿದೆಯಲ್ಲ. ಗೊತ್ತಿರುವುದನ್ನು ನೋಡಲು ಅಷ್ಟು ಖರ್ಚು ಯಾಕೆ? ನಾನು ಇದೇ ಸ್ಕ್ಯಾನ್ ಓದಿ ಸಂಬಳ ತೆಗೆದುಕೊಳ್ಳುವವನು, ಆದರೂ ಹೇಳುತ್ತೇನೆ, ನಾಳ ಮುಚ್ಚಿದ್ದು ಆಂಜಿಯೋದಲ್ಲಿ (ನಾಳಕ್ಕೆ ಬಣ್ಣ ಬಿಟ್ಟು ತೆಗೆಯುವ ಎಕ್ಸ್-ರೇ) ಕಂಡು, ಸ್ಟೆಂಟ್ ಹಾಕಿ, ಪಂಪಿಂಗ್ ಚೆನ್ನಾಗಿರುವವರಿಗೆ ಎಕೋ ಸಾಕು. ಆಂಜಿಯೋ ಕ್ಲೀನ್ ಇದ್ದು ಟ್ರೋಪೋನಿನ್ (ಹೃದಯದ ಮಾಂಸಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಪ್ರೋಟೀನ್) ಜಾಸ್ತಿ ಇದ್ದವರು, ಪಂಪಿಂಗ್ ಬಹಳ ಕಡಿಮೆ ಇದ್ದು ಇನ್ನೊಂದು ನಾಳಕ್ಕೆ ಸ್ಟೆಂಟ್ ಹಾಕಿದರೆ ಪ್ರಯೋಜನ ಉಂಟಾ ಅಂತ ನೋಡಬೇಕಾದವರು, ಹೃದಯದೊಳಗೆ ರಕ್ತ ಹೆಪ್ಪುಗಟ್ಟಿರಬಹುದು ಅಂತ ಅನುಮಾನ ಇದ್ದವರು, ಇವರಿಗೆ ಎಮ್‌ಆರ್‌ಐ ನಿಜಕ್ಕೂ ಬೇಕು. ಯಾವ ಸ್ಕ್ಯಾನ್ ಬರೆದರೂ ಡಾಕ್ಟರನ್ನು ಒಂದು ಮಾತು ಕೇಳಿ: ‘ಇದರ ರಿಸಲ್ಟ್ ಬಂದ ಮೇಲೆ ಔಷಧಿಯಲ್ಲಿ ಏನು ಬದಲಾಗುತ್ತದೆ?’ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ನನಗೆ 34 ವರ್ಷ. ಜ್ವರ ಬಂದು ಹೋದ ವಾರಕ್ಕೆ ಎದೆನೋವು ಬಂತು. ಹಾರ್ಟ್ ಅಟ್ಯಾಕ್ ಅಂತ ಹೇಳಿ ಆಂಜಿಯೋ ಮಾಡಿದರು, ಬ್ಲಾಕ್ ಇರಲಿಲ್ಲ. ಆಮೇಲೆ ಎಮ್‌ಆರ್‌ಐ ನೋಡಿ ‘ಮಯೋಕಾರ್ಡೈಟಿಸ್, ಅಟ್ಯಾಕ್ ಅಲ್ಲ’ ಅಂದರು. ಮೊದಲು ಹೇಳಿದ್ದು ತಪ್ಪಾ? ಆಂಜಿಯೋ ಸುಮ್ಮನೆ ಮಾಡಿದರಾ?
(ಮಂಗಳೂರಿನ ಓದುಗರು)

ಉತ್ತರ: ಸುಮ್ಮನೆ ಮಾಡಿದ್ದಲ್ಲ ಅಮ್ಮಾ. ಮಯೋಕಾರ್ಡೈಟಿಸ್ ಅಂದರೆ ಹೃದಯದ ಮಾಂಸದ ಉರಿಯೂತ, ನಾಳ ಮುಚ್ಚಿ ಆದದ್ದಲ್ಲ. ಎದೆನೋವು, ಇಸಿಜಿಯಲ್ಲಿ ಬದಲಾವಣೆ, ಟ್ರೋಪೋನಿನ್ ಏರಿಕೆ, ಮೂರೂ ಇದ್ದಾಗ ಬ್ಲಾಕ್ ಇಲ್ಲ ಅಂತ ಖಚಿತ ಮಾಡಿಕೊಳ್ಳದೆ ಯಾವ ಡಾಕ್ಟರೂ ಸುಮ್ಮನೆ ಕೂರಬಾರದು. ಅಟ್ಯಾಕ್ ಅಂತ ಬಂದವರಲ್ಲಿ ನೂರಕ್ಕೆ ಐದಾರು ಮಂದಿಗೆ ಆಂಜಿಯೋದಲ್ಲಿ ದೊಡ್ಡ ಬ್ಲಾಕ್ ಸಿಗುವುದಿಲ್ಲ. ಎಮ್‌ಆರ್‌ಐ ತನ್ನ ಬೆಲೆ ತೋರಿಸುವುದು ಇವರಲ್ಲೇ.

ಹೇಗೆ ಗೊತ್ತಾಗುತ್ತದೆ ಅಂದರೆ, ಬಿಳಿ ಎಲ್ಲಿದೆ ಅನ್ನುವುದರಿಂದ. ನಾಳ ಮುಚ್ಚಿ ಆದ ಅಟ್ಯಾಕ್‌ನಲ್ಲಿ ಬಿಳಿ ಯಾವಾಗಲೂ ಗೋಡೆಯ ಒಳಅಂಚಿಗೆ ಅಂಟಿಕೊಂಡಿರುತ್ತದೆ, ಒಂದು ನಾಳದ ಹದ್ದಿನೊಳಗೇ ಇರುತ್ತದೆ. ಮಯೋಕಾರ್ಡೈಟಿಸ್‌ನಲ್ಲಿ ಒಳಅಂಚು ಚೆನ್ನಾಗಿದ್ದು, ಹೊರಗಡೆ ಅಥವಾ ನಡುವೆ ತೇಪೆ ತೇಪೆಯಾಗಿ ಇರುತ್ತದೆ, ಅದರಲ್ಲೂ ಎಡಬದಿಯ ಗೋಡೆಯಲ್ಲಿ ಜಾಸ್ತಿ. ರಾತ್ರಿ ಡ್ಯೂಟಿಯಲ್ಲಿ ನಿದ್ದೆಗಣ್ಣಲ್ಲಿ ನೋಡಿದರೂ ಒಂದನ್ನು ಇನ್ನೊಂದು ಅಂದುಕೊಳ್ಳುವುದು ಕಷ್ಟ, ಅಷ್ಟು ಬೇರೆ. ಇದನ್ನು ಓದಲು ‘ಲೇಕ್ ಲೂಯಿಸ್’ ಮಾನದಂಡ ಅಂತ ಇದೆ, ಕೆನಡಾದ ಒಂದು ಊರಿನ ಹೆಸರು ಅದು. 2009ರಲ್ಲಿ ಬಂದದ್ದು, 2018ರಲ್ಲಿ ತಿದ್ದಿದರು. ಈಗ ಊತ ತೋರಿಸುವ ಟಿ2 ಬಗೆಯ ಒಂದು ಗುರುತು, ಮಾಂಸಕ್ಕೆ ಪೆಟ್ಟಾಗಿದೆ ಅಂತ ಹೇಳುವ ಟಿ1 ಬಗೆಯ ಒಂದು ಗುರುತು, ಎರಡೂ ಇದ್ದರೆ ಮಯೋಕಾರ್ಡೈಟಿಸ್ ಅಂತ ಧೈರ್ಯವಾಗಿ ಬರೆಯುತ್ತೇವೆ. ಊತ ಇದೆ, ಆದರೆ ಬಿಳಿಯೇ ಇಲ್ಲ, ಹೃದಯದ ತುದಿ ಮಾತ್ರ ಬಲೂನಿನಂತೆ ಉಬ್ಬಿದೆ ಅಂದರೆ ಅದು ಮೂರನೆಯದು. ಜಪಾನಿನವರು 1990ರಲ್ಲಿ ಗುರುತಿಸಿದ ಟಕೋಟ್ಸುಬೋ. ದೊಡ್ಡ ಆಘಾತವೋ ದುಃಖವೋ ಆದಾಗ ಬರುತ್ತದೆ, ಮುಟ್ಟು ನಿಂತ ಹೆಂಗಸರಲ್ಲಿ ಜಾಸ್ತಿ.

ಒಂದೇ ವಿಷಯ, ಈ ಎಮ್‌ಆರ್‌ಐ ಬೇಗ ಆಗಬೇಕು. ಮೊದಲ ಒಂದೆರಡು ವಾರದಲ್ಲಿ ಮಾಡಿದರೆ ಊತ ಸಿಗುತ್ತದೆ. ‘ದೀಪಾವಳಿ ಮುಗಿಯಲಿ, ಆಮೇಲೆ ಮಾಡಿಸುತ್ತೇವೆ’ ಅಂತ ಎರಡು ತಿಂಗಳು ಬಿಟ್ಟು ಬಂದರೆ ಊತ ಇಳಿದಿರುತ್ತದೆ, ನಾನು ರಿಪೋರ್ಟಿನಲ್ಲಿ ‘ಇರಬಹುದು’ ಅಂತಲೇ ಬರೆಯಬೇಕಾಗುತ್ತದೆ. ನಿಮ್ಮದು ಸಮಯಕ್ಕೆ ಸರಿಯಾಗಿ ಆಗಿದೆ. ಓಟ, ಜಿಮ್, ಬ್ಯಾಡ್ಮಿಂಟನ್ ಮೂರರಿಂದ ಆರು ತಿಂಗಳು ಬೇಡ, ಮತ್ತೆ ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಿ.

ಪ್ರಶ್ನೆ: ನನ್ನ ಅಣ್ಣನಿಗೆ ಹೃದಯದ ಪೆಟ್ ಸ್ಕ್ಯಾನ್ ಬರೆದಿದ್ದಾರೆ. ಹಿಂದಿನ ದಿನ ಅನ್ನ, ಮುದ್ದೆ, ಚಪಾತಿ, ಹಣ್ಣು ಯಾವುದೂ ಬೇಡ, ಮೊಟ್ಟೆ-ಮಾಂಸ ತಿನ್ನಿ ಅಂದಿದ್ದಾರೆ. ನಾವು ಸಸ್ಯಾಹಾರಿಗಳು. ಪೆಟ್ ಸ್ಕ್ಯಾನ್ ಅಂದರೆ ಕ್ಯಾನ್ಸರ್‌ಗೆ ಮಾಡುವುದಲ್ವಾ? ನಮ್ಮಿಂದ ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ.
(ಬೆಂಗಳೂರಿನ ಓದುಗರು)

ಉತ್ತರ: ಕ್ಯಾನ್ಸರ್ ಭಯ ಬಿಡಿ. ಪೆಟ್ ಸ್ಕ್ಯಾನ್‌ನಲ್ಲಿ ಕೊಡುವುದು ಸಕ್ಕರೆಯಂಥದ್ದೇ ಒಂದು ವಸ್ತು, ಎಫ್‌ಡಿಜಿ ಅಂತ. ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿರುತ್ತಾರೆ, 110 ನಿಮಿಷಕ್ಕೆ ಅದು ಅರ್ಧಕ್ಕೆ ಇಳಿಯುತ್ತದೆ. ಮೈಯಲ್ಲಿ ಯಾರು ಸಕ್ಕರೆ ಜಾಸ್ತಿ ತಿನ್ನುತ್ತಾರೋ ಅವರು ಹೊಳೆಯುತ್ತಾರೆ. ಕ್ಯಾನ್ಸರ್ ಗಡ್ಡೆ ತಿನ್ನುತ್ತದೆ, ಉರಿಯೂತದ ಜಾಗದಲ್ಲಿ ಸೇರಿಕೊಂಡ ಮ್ಯಾಕ್ರೋಫೇಜ್‌ಗಳೂ ತಿನ್ನುತ್ತವೆ.

ತೊಂದರೆ ಏನಂದರೆ ಹೃದಯದ ಮಾಂಸವೂ ಸಕ್ಕರೆ ತಿನ್ನುತ್ತದೆ. ಹಾಗೇ ಸ್ಕ್ಯಾನ್ ಮಾಡಿದರೆ ಇಡೀ ಹೃದಯ ಹೊಳೆಯುತ್ತದೆ, ಉರಿಯೂತ ಎಲ್ಲಿದೆ ಅಂತ ಹುಡುಕುವುದೇ ಕಷ್ಟ. ಅದಕ್ಕೇ ಈ ಪಥ್ಯ. ಎರಡು ಊಟ ಬರೀ ಕೊಬ್ಬು, ಪ್ರೋಟೀನ್ ಕೊಟ್ಟು, ಆಮೇಲೆ 12 ಗಂಟೆ ಅಥವಾ ಇನ್ನೂ ಜಾಸ್ತಿ ಉಪವಾಸ ಕೂರಿಸಿದರೆ ಹೃದಯ ಸಕ್ಕರೆ ಬಿಟ್ಟು ಕೊಬ್ಬನ್ನು ಉರಿಸಿಕೊಳ್ಳುತ್ತದೆ. ಮ್ಯಾಕ್ರೋಫೇಜ್‌ಗಳಿಗೆ ಆ ಬುದ್ಧಿ ಇಲ್ಲ, ಅವು ಸಕ್ಕರೆಯನ್ನೇ ತಿನ್ನುತ್ತಿರುತ್ತವೆ. ಆಗ ಅವು ಮಾತ್ರ ಕಾಣುತ್ತವೆ.

ಸಸ್ಯಾಹಾರಿಗಳಿಗೆ ಇದು ತಲೆನೋವೇ, ಒಪ್ಪುತ್ತೇನೆ. ಬೆಣ್ಣೆ ಅಥವಾ ಎಣ್ಣೆಯಲ್ಲಿ ಹುರಿದ ಪನೀರ್, ಮೇಲೆ ತುಪ್ಪ, ಉಪ್ಪು-ಮೆಣಸು. ಅಷ್ಟೇ ಊಟ. ಬೇಳೆ ಸಾರು ಬೇಡ, ಅದರಲ್ಲೂ ಪಿಷ್ಟ ಇದೆ. ಮಜ್ಜಿಗೆ, ಹಾಲು ಬೇಡ. ‘ಸಕ್ಕರೆ ಇಲ್ಲದ ಕಾಫಿ ಕುಡಿದೆ ಸರ್’ ಅನ್ನುತ್ತಾರೆ, ಅದರಲ್ಲಿ ಅರ್ಧ ಲೋಟ ಹಾಲಿರುತ್ತದೆ. ಕೆಮ್ಮಿನ ಸಿರಪ್, ಚ್ಯೂಯಿಂಗ್ ಗಮ್, ದೇವಸ್ಥಾನದ ಒಂದು ಚಮಚ ಪಂಚಾಮೃತ, ಇಷ್ಟೇ ಸಾಕು ಸ್ಕ್ಯಾನ್ ಕೆಡಲು. ಏನು ತಿಂದರು, ಎಷ್ಟು ಗಂಟೆಗೆ ತಿಂದರು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಇನ್ಸುಲಿನ್ ನೀವೇ ನಿಲ್ಲಿಸಬೇಡಿ.

ಇನ್ನೊಂದು ಗೊಂದಲ ಇದೆ. ಕೆಲವರಿಗೆ ಇದೇ ಎಫ್‌ಡಿಜಿ ಪೆಟ್‌ಗೆ ಬಂದಾಗ ಉಪವಾಸದ ಬದಲು ಗ್ಲೂಕೋಸ್ ಕುಡಿಸುತ್ತಾರೆ. ಅಲ್ಲಿ ಹುಡುಕುವುದು ಬೇರೆ, ಅಟ್ಯಾಕ್ ಆದ ಜಾಗದಲ್ಲಿ ಬದುಕಿರುವ ಮಾಂಸ ಎಷ್ಟಿದೆ ಅಂತ. ಮಿಷನ್ ಅದೇ, ಔಷಧಿ ಅದೇ, ತಯಾರಿ ಪೂರ್ತಿ ಉಲ್ಟಾ. ನಿಮ್ಮ ಅಣ್ಣನಿಗೆ ಪಥ್ಯ ಹೇಳಿದ್ದಾರೆ ಅಂದರೆ ಉರಿಯೂತವನ್ನೇ ಹುಡುಕುತ್ತಿದ್ದಾರೆ. ಸಾರ್ಕಾಯ್ಡೋಸಿಸ್ ಅನ್ನುವ, ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳಾಗುವ ಕಾಯಿಲೆಯ ಅನುಮಾನಕ್ಕೆ ಈ ಸ್ಕ್ಯಾನ್ ಬಹಳ ಉಪಯೋಗ.

ಅಟ್ಯಾಕ್ ಆದವರಿಗೆ ಇದನ್ನು ಮಾಮೂಲಾಗಿ ಮಾಡುವುದಿಲ್ಲ. ಪೆಟ್ಟು ತಿಂದು ಬದುಕಿದ ಮಾಂಸ ಪಥ್ಯದ ಮಾತು ಕೇಳದೆ ಸಕ್ಕರೆ ತಿನ್ನುತ್ತದೆ, ಹೊಳೆಯುವುದು ಮ್ಯಾಕ್ರೋಫೇಜೋ ಮಾಂಸವೋ ಅಂತ ಜಗಳ ಬರುತ್ತದೆ. ಅದಕ್ಕೆ ಸಂಶೋಧಕರು ಸಕ್ಕರೆಯನ್ನೇ ಬಿಟ್ಟು ಬೇರೆ ದಾರಿ ಹಿಡಿದಿದ್ದಾರೆ. ಪೆಂಟಿಕ್ಸಾಫೋರ್ ಅನ್ನುವ ವಸ್ತು ಬಿಳಿ ಕಣಗಳ ಮೇಲಿನ ಒಂದು ಗ್ರಾಹಕಕ್ಕೆ ಹೋಗಿ ಅಂಟುತ್ತದೆ, ಜರ್ಮನಿಯ ಹ್ಯಾನೋವರ್‌ನಲ್ಲಿ ಇದರ ಮೇಲೆ ತುಂಬ ಕೆಲಸ ಆಗಿದೆ. ಡೋಟಾಟೇಟ್ ಅನ್ನುವುದು ಮ್ಯಾಕ್ರೋಫೇಜ್‌ಗೆ ಅಂಟುತ್ತದೆ. ಎಫ್‌ಎಪಿಐ ಅನ್ನುವುದು ಕಲೆ ಕಟ್ಟುವ ಕಣಗಳನ್ನು ತೋರಿಸುತ್ತದೆ. ಇವಕ್ಕೆಲ್ಲ ಸಾಮಾನ್ಯವಾಗಿ ಸೇರಿಸುವುದು ಗ್ಯಾಲಿಯಮ್-68, ಅದು ಅರ್ಧಕ್ಕಿಳಿಯುವ ಸಮಯವೂ 68 ನಿಮಿಷವೇ, ನೆನಪಿಡಲು ನಮಗೆ ಸುಲಭ! ಇದರಲ್ಲಿ ಡೋಟಾಟೇಟ್ ಹೊಸದೇನಲ್ಲ, ಕೆಲವು ಗಡ್ಡೆಗಳನ್ನು ಹುಡುಕಲು ನಮ್ಮ ಕಡೆಯೂ ಬಳಸುತ್ತಾರೆ. ಅಟ್ಯಾಕ್ ಆದವರ ಹೃದಯ ನೋಡಲು ಮಾತ್ರ ಇವೆಲ್ಲ ಇನ್ನೂ ಸಂಶೋಧನೆಯ ಹಂತದಲ್ಲಿವೆ.

ಪ್ರಶ್ನೆ: ಉರಿಯೂತ ಇದೆ ಅಂದ ಮೇಲೆ ಅದನ್ನು ಕಡಿಮೆ ಮಾಡುವ ಮಾತ್ರೆ ತಿಂದರೆ ಒಳ್ಳೆಯದಲ್ವಾ? ಅಟ್ಯಾಕ್ ಆಗಿರುವ ಅಮ್ಮನಿಗೆ ಮಂಡಿನೋವೂ ಇದೆ. ಮೆಡಿಕಲ್ ಸ್ಟೋರ್‌ನವರು ಡೈಕ್ಲೋಫೆನಾಕ್ ಕೊಟ್ಟರು, ‘ಎರಡಕ್ಕೂ ಆಗುತ್ತೆ’ ಅಂದರು.
(ಮಂಡ್ಯದ ಓದುಗರು)

ಉತ್ತರ: ಇವತ್ತೇ ನಿಲ್ಲಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ಪೇನ್ ಕಿಲ್ಲರ್ ಅಟ್ಯಾಕ್ ಆದವರಿಗೆ ಬೇಡವೇ ಬೇಡ. ಮತ್ತೆ ಅಟ್ಯಾಕ್ ಆಗುವ ಅಪಾಯ ಏರುತ್ತದೆ, ಮೈಯಲ್ಲಿ ನೀರು ನಿಲ್ಲುತ್ತದೆ, ಅಮ್ಮ ರಕ್ತ ತೆಳುವಾಗುವ ಮಾತ್ರೆಗಳನ್ನೂ ತಿನ್ನುತ್ತಿರುತ್ತಾರೆ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಮಂಡಿಗೆ ಪ್ಯಾರಸಿಟಮಾಲ್ ಸಾಕು. ಡಾಕ್ಟರು ಬರೆದ ಚಿಕ್ಕ ಡೋಸ್‌ನ ಆಸ್ಪಿರಿನ್ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಉರಿಯೂತವನ್ನು ಆರಿಸಿಬಿಡೋಣ ಅಂತ ನಿಮಗೆ ಮಾತ್ರ ಅನಿಸಿದ್ದಲ್ಲ. 1970ರ ದಶಕದಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳೇ ಅಟ್ಯಾಕ್ ಆದವರಿಗೆ ಸ್ಟೀರಾಯ್ಡ್ ಕೊಟ್ಟು ನೋಡಿದ್ದರು. ಗಾಯ ಮಾಯುವುದಕ್ಕೇ ಅಡ್ಡಿಯಾದೀತು ಅನ್ನುವ ಭಯ ಹುಟ್ಟಿ ಅದು ಅಲ್ಲಿಗೇ ನಿಂತಿತು. ಮೊದಲೇ ಹೇಳಿದೆನಲ್ಲ, ಮೊದಲ ವಾರದಲ್ಲಿ ಹೃದಯದ ಗೋಡೆ ಮೆತ್ತಗಿರುತ್ತದೆ, ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಆ ಕೆಲಸ ಆಗಬೇಕು, ಮುಗಿದ ಮೇಲೆ ನಿಲ್ಲಬೇಕು. ನಿಲ್ಲದೆ ಎಳೆದಾಡಿದರೆ ಮಾತ್ರ ಹೃದಯ ಹಿಗ್ಗುತ್ತದೆ. ಯಾರಲ್ಲಿ ನಿಂತಿದೆ, ಯಾರಲ್ಲಿ ಎಳೆಯುತ್ತಿದೆ ಅಂತ ಚಿತ್ರದಲ್ಲಿ ನೋಡಿ, ಎಳೆಯುತ್ತಿರುವವರಿಗೆ ಮಾತ್ರ ಔಷಧಿ ಕೊಡಬೇಕು. ಈ ಹೊಸ ಸ್ಕ್ಯಾನ್‌ಗಳ ಹಿಂದೆ ಬಿದ್ದಿರುವುದು ಅದಕ್ಕೇ. ಎಲ್ಲರಿಗೂ ಒಂದೇ ಮಾತ್ರೆ ಹಂಚಿದರೆ ಏನಾಗುತ್ತದೆ ಅಂತ ಈಗಾಗಲೇ ನೋಡಿದ್ದೇವೆ.

2017ರಲ್ಲಿ ಕ್ಯಾಂಟೋಸ್ ಅಂತ ದೊಡ್ಡ ಅಧ್ಯಯನ ಬಂತು. ಮೊದಲೇ ಅಟ್ಯಾಕ್ ಆಗಿದ್ದು ರಕ್ತದಲ್ಲಿ ಸಿಆರ್‌ಪಿ (ಉರಿಯೂತದ ಗುರುತು) ಜಾಸ್ತಿ ಇದ್ದ ಹತ್ತು ಸಾವಿರ ಜನ. ಕೆನಕಿನುಮ್ಯಾಬ್ ಅನ್ನುವ ಇಂಜೆಕ್ಷನ್‌ನಿಂದ ಮತ್ತೆ ಅಟ್ಯಾಕ್ ಆಗುವುದು ಕಡಿಮೆಯಾಯಿತು, ಆದರೆ ಇನ್‌ಫೆಕ್ಷನ್‌ನಿಂದ ಸಾಯುವವರು ಜಾಸ್ತಿಯಾದರು. 2019ರಲ್ಲಿ ಮಾಂಟ್ರಿಯಲ್‌ನವರು ಕಾಲ್ಚಿಸಿನ್ ಅನ್ನುವ ಅಗ್ಗದ ಗೌಟ್ ಮಾತ್ರೆಯನ್ನು ದಿನಕ್ಕೆ ಅರ್ಧ ಮಿಲಿಗ್ರಾಂ ಕೊಟ್ಟು ನೋಡಿದರು. 4745 ಜನರಲ್ಲಿ, ಮಾತ್ರೆ ತಿಂದವರಿಗೆ ಶೇ. 5.5, ತಿನ್ನದವರಿಗೆ ಶೇ. 7.1 ತೊಂದರೆ ಬಂತು. ಎಲ್ಲರೂ ಖುಷಿಯಾದರು. 2024ರಲ್ಲಿ ಏಳು ಸಾವಿರ ಜನರ ಇನ್ನೊಂದು ಅಧ್ಯಯನ ಬಂತು, ಅದರಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಕೆಲವು ಡಾಕ್ಟರು ಈಗಲೂ ಬರೆಯುತ್ತಾರೆ, ಕೆಲವರು ಬರೆಯುವುದಿಲ್ಲ. ನಿಮ್ಮ ಡಾಕ್ಟರು ಬರೆದಿದ್ದರೆ ತಿನ್ನಿ, ಬರೆಯದಿದ್ದರೆ ಕೇಳಿ ತರಬೇಡಿ. ಕಿಡ್ನಿ ಸರಿ ಇಲ್ಲದವರಿಗೆ ಅದು ವಿಷವೇ.

ಹಾಗೆಯೇ ಮಲೆನಾಡಿನ ಓದುಗರಿಗೆ ಒಂದು ಮಾತು. ನಮ್ಮ ಬೇಲಿಯಲ್ಲಿ ಮಳೆಗಾಲದಲ್ಲಿ ಕೆಂಪು-ಹಳದಿ ಹೂ ಬಿಡುವ ಅಗ್ನಿಶಿಖೆ ಇದೆಯಲ್ಲ, ಅದರ ಗೆಡ್ಡೆಯಲ್ಲೂ ಇರುವುದು ಇದೇ ಕಾಲ್ಚಿಸಿನ್. ಯಾರಾದರೂ ‘ಹೃದಯಕ್ಕೆ ಒಳ್ಳೆಯದು, ಅರೆದು ಕುಡಿ’ ಅಂದರೆ ದಯವಿಟ್ಟು ಬೇಡ. ಗೆಡ್ಡೆ ತಿಂದು ಜೀವ ಬಿಟ್ಟವರಿದ್ದಾರೆ.

ಪ್ರಶ್ನೆ: ಸ್ಟೆಂಟ್ ಹಾಕಿಸಿಕೊಂಡು ಎರಡು ವಾರ ಆಗಿದೆ. ಎಮ್‌ಆರ್‌ಐ ಮಿಷನ್ ಒಳಗೆ ಹೋದರೆ ಅಯಸ್ಕಾಂತ ಸ್ಟೆಂಟನ್ನು ಎಳೆದುಬಿಡುತ್ತಂತೆ, ಹೌದಾ?
(ದಾವಣಗೆರೆಯ ಓದುಗರು)

ಉತ್ತರ: ಇಲ್ಲ. ಈಗಿನ ಸ್ಟೆಂಟ್ ಹಾಕಿದ ಮಾರನೇ ದಿನವೂ ಮಾಡಬಹುದು. ಪೇಸ್‌ಮೇಕರ್ ಇದ್ದರೆ ಅದರ ಕಾರ್ಡ್ ತನ್ನಿ. ಕಿಡ್ನಿ ತುಂಬ ಹಾಳಾಗಿದ್ದರೆ ಗ್ಯಾಡೋಲಿನಿಯಮ್ ಕೊಡುವ ಮುಂಚೆ ನಾವು ಎರಡು ಸಲ ಯೋಚಿಸುತ್ತೇವೆ, ಕ್ರಿಯಾಟಿನಿನ್ ರಿಪೋರ್ಟ್ ಇಟ್ಟುಕೊಂಡಿರಿ. ತಾಳಿ, ಕಾಲುಂಗುರ, ಹೇರ್‌ಪಿನ್, ಉಡುದಾರ ಎಲ್ಲ ತೆಗೆಯಬೇಕು. ತಾಳಿ ತೆಗೆಯುವಾಗ ಕೆಲವು ಅಮ್ಮಂದಿರು ಕಣ್ಣಲ್ಲಿ ನೀರು ಹಾಕಿಕೊಳ್ಳುತ್ತಾರೆ. ನಮ್ಮ ಟೆಕ್ನಿಷಿಯನ್ ಅರಿಶಿನ ದಾರಕ್ಕೆ ಅರಿಶಿನ ಕೊಂಬು ಕಟ್ಟಿ ಮೊದಲೇ ಇಟ್ಟುಕೊಂಡಿರುತ್ತಾಳೆ. ಒಳಗೆ ಮುಕ್ಕಾಲು ಗಂಟೆ ಹತ್ತಿರ ಹತ್ತಿರ ಮಲಗಬೇಕು, ಟಕಟಕ ಸದ್ದು ಜೋರಾಗಿರುತ್ತದೆ. ‘ಉಸಿರು ಬಿಡಿ, ಹಿಡಿದುಕೊಳ್ಳಿ’ ಅಂದಾಗ ಹಿಡಿದರೆ ಚಿತ್ರ ಚೆನ್ನಾಗಿ ಬರುತ್ತದೆ. ಮನೆಯಲ್ಲೇ ಹತ್ತು-ಹನ್ನೆರಡು ಸೆಕೆಂಡ್ ಹಿಡಿದು ಅಭ್ಯಾಸ ಮಾಡಿ ಬನ್ನಿ.

ಪ್ರಶ್ನೆ: ಅಟ್ಯಾಕ್ ಆಗಿ ಮೂರು ವಾರ. ಈಗ ಸಣ್ಣ ಜ್ವರ, ಮಲಗಿದರೆ, ದೀರ್ಘ ಉಸಿರು ಎಳೆದರೆ ಎದೆ ಚುಚ್ಚುತ್ತದೆ. ಮುಂದೆ ಬಾಗಿ ಕೂತರೆ ಹಾಯಾಗುತ್ತದೆ. ಮತ್ತೆ ಅಟ್ಯಾಕಾ?
(ಶಿರಸಿಯ ಓದುಗರು)

ಉತ್ತರ: ನೀವು ಹೇಳುವ ರೀತಿ ನೋಡಿದರೆ ಹೃದಯದ ಹೊರಚೀಲದ ಉರಿಯೂತ ಇರಬಹುದು. 1956ರಲ್ಲಿ ಡ್ರೆಸ್ಲರ್ ಅನ್ನುವ ಡಾಕ್ಟರು ಇದನ್ನು ವಿವರಿಸಿದರು, ಅವರ ಹೆಸರೇ ಉಳಿದಿದೆ. ಬೇಗ ಸ್ಟೆಂಟ್ ಹಾಕಲು ಶುರುವಾದ ಮೇಲೆ ಅಪರೂಪ ಆಗಿದೆ. ಎಕೋದಲ್ಲಿ ಚೀಲದೊಳಗೆ ನೀರು ಕಾಣುತ್ತದೆ, ಅನುಮಾನ ಉಳಿದರೆ ಎಮ್‌ಆರ್‌ಐನಲ್ಲಿ ಚೀಲವೇ ದಪ್ಪವಾಗಿ ಬೆಳ್ಳಗೆ ಕಾಣುತ್ತದೆ. ಔಷಧಿಗೆ ಚೆನ್ನಾಗಿ ಬಗ್ಗುತ್ತದೆ. ಆದರೆ ಇದನ್ನು ಓದಿ ‘ಓ ಡ್ರೆಸ್ಲರ್’ ಅಂತ ಮನೆಯಲ್ಲಿ ಕೂರಬೇಡಿ. ಸ್ಟೆಂಟ್ ಮುಚ್ಚಿಕೊಂಡರೂ ಎದೆನೋವೇ ಬರುವುದು. ಇವತ್ತೇ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಆಗುತ್ತದೆ. ಬೆವರು, ಎಡಗೈಗೆ ಹಬ್ಬುವ ನೋವು, ಉಸಿರಾಟದ ತೊಂದರೆ ಇದ್ದರೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮತ್ತೆ ಸ್ಕ್ಯಾನ್ ಯಾವಾಗ ಮಾಡಿಸಬೇಕು?
(ಹಲವರು)

ಉತ್ತರ: ಪಂಪಿಂಗ್ ಕಡಿಮೆ ಇದ್ದವರಿಗೆ ಆರು ವಾರದ ಹೊತ್ತಿಗೆ ಎಕೋ. 40 ದಿನ ಕಳೆದ ಮೇಲೂ, ಮಾತ್ರೆಗಳನ್ನೆಲ್ಲ ಸರಿಯಾಗಿ ತಿಂದ ಮೇಲೂ, ಪಂಪಿಂಗ್ ಶೇ. 35ರಲ್ಲೋ ಅದಕ್ಕಿಂತ ಕೆಳಗೋ ಇದ್ದರೆ, ಬಡಿತ ಅಪಾಯಕಾರಿಯಾಗಿ ತಪ್ಪಿದಾಗ ಶಾಕ್ ಕೊಡುವ ಐಸಿಡಿ ಮಿಷನ್ ಬೇಕಾ ಅಂತ ಡಾಕ್ಟರು ಮಾತಾಡುತ್ತಾರೆ. ಮೊದಲ ವಾರದ ಅಂಕಿ ನೋಡಿ ಆ ತೀರ್ಮಾನ ಮಾಡುವುದಿಲ್ಲ, ಊತ ಇಳಿಯುವವರೆಗೆ ಕಾಯಬೇಕು. ಪಂಪಿಂಗ್ ಚೆನ್ನಾಗಿದ್ದವರಿಗೆ ಎರಡನೇ ಎಮ್‌ಆರ್‌ಐ ಬೇಕಿಲ್ಲ.